ಇಡೀ ರಾತ್ರಿಯ ಯಕ್ಷಗಾನ ಆಟ, ಒಂದೂ ಪದ್ಯ ತಪ್ಪದಂತೆ ರೆಕಾರ್ಡ್ ಮಾಡುವುದು ಹೇಗೆ?

ಮಿನಿ ಡಿವಿ ಕ್ಯಾಸೆಟ್ ಕಾಲದ ಮಾತು. ನಮ್ಮೂರಲ್ಲಿ ಹರಕೆಯಾಟ, ಪ್ರಸಂಗ ದೇವಿ ಮಹಾತ್ಮೆ. ಜನರ ಹಿಂದಿನಿಂದ ದೊಂದಿ ಬೆಳಕಲ್ಲಿ ಮಹಿಷಾಸುರ ಆರ್ಭಟಿಸುತ್ತ ಬಂದ, ರಾಳದ ಹುಡಿ ಭಗ್ಗೆಂದಿತು. ನನ್ನ ಕ್ಯಾಮೆರಾ ಮಾತ್ರ ಬಾಯಿ ತೆರೆದು ಹೊಸ ಕ್ಯಾಸೆಟ್‌ಗೆ ಕಾಯುತ್ತಿತ್ತು. ಒಂದು ಕ್ಯಾಸೆಟ್ 60 ನಿಮಿಷ, ಟೇಪ್ ನಿಧಾನಕ್ಕೆ ಓಡುವ ಎಲ್‌ಪಿಯಲ್ಲಿ (ಲಾಂಗ್ ಪ್ಲೇ) ಎಳೆದರೆ 90. ಈಗ ಕಾರ್ಡ್ ಬಂದಿದೆ, ಆದರೂ ಜನ ಅಲ್ಲೇ ಎಡವುತ್ತಾರೆ.

ಮೊದಲು ಲೆಕ್ಕ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿರುವ ಎಂಬಿಪಿಎಸ್ (ಸೆಕೆಂಡಿಗೆ ಎಷ್ಟು ಮೆಗಾಬಿಟ್) ಸಂಖ್ಯೆಯನ್ನು 450ರಿಂದ ಗುಣಿಸಿ. ಗಂಟೆಗೆ ಅಷ್ಟು ಎಂಬಿ ಬೇಕು. 17 ಇದ್ದರೆ ಗಂಟೆಗೆ ಸುಮಾರು 7.7 ಜಿಬಿ, 9 ಗಂಟೆಯ ಆಟಕ್ಕೆ 69. ಹಟ ಹಿಡಿದು 4ಕೆ ಇಟ್ಟು 100 ಎಂಬಿಪಿಎಸ್‌ಗೆ ಹೋದರೆ 400 ಜಿಬಿ ದಾಟುತ್ತದೆ. 4ಕೆ ಬೇಡವೇ ಬೇಡ.

128ರ ಒಂದು ಕಾರ್ಡ್ ಬದಲು 64ರ ಎರಡು ತನ್ನಿ. ಒಂದು ಕೈಕೊಟ್ಟರೂ ಅರ್ಧ ರಾತ್ರಿ ಉಳಿಯುತ್ತದೆ. ಅಗ್ಗಕ್ಕೆ ಸಿಗುವ ಕಾರ್ಡ್‌ಗಳಲ್ಲಿ ಹೊರಗೆ 256 ಎಂದು ಬರೆದು ಒಳಗೆ 8 ಮಾತ್ರ ಇರುವಂಥವೂ ಇವೆ. ಮನೆಯಲ್ಲೇ ತುಂಬುವವರೆಗೆ ರೆಕಾರ್ಡ್ ಮಾಡಿ, ಕೊನೆಯ ಫೈಲ್ ತೆರೆದು ನೋಡಿ. ಎಷ್ಟೋ ಸ್ಟಿಲ್ ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ತಾವಾಗಿಯೇ ನಿಲ್ಲುತ್ತವೆ. ಯುರೋಪಿನ ಹಳೆಯ ಸುಂಕದ ನಿಯಮದಿಂದ ಬಂದ ಪೀಡೆ ಅದು. ನಿಮ್ಮದೂ ಹಾಗೆಯೋ ಎಂಬುದು ಇದೇ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ.

ಕರೆಂಟಿಗೆ ಡಮ್ಮಿ ಬ್ಯಾಟರಿ (ಬ್ಯಾಟರಿ ಜಾಗದಲ್ಲಿ ಕೂತು ವೈರಿನಿಂದ ಕರೆಂಟ್ ಕೊಡುವಂಥದ್ದು) ಹಾಕಿ, ಆದರೆ ನಡುವೆ ಯುಪಿಎಸ್ ಇರಲಿ. ಜನರೇಟರ್ ಒಮ್ಮೆ ಕೆಮ್ಮಿದರೆ ಓಡುತ್ತಿದ್ದ ಫೈಲೇ ತೆರೆಯದೆ ಹೋಗಬಹುದು.

ಇನ್ನು ಕಾರ್ಡ್ ಬದಲಿಸುವುದು. ಎಲ್ಲರೂ ಕೆಡಿಸಿಕೊಳ್ಳುವುದು ಇಲ್ಲೇ. ತುಂಬುವವರೆಗೆ ಕಾಯಬೇಡಿ. ಸಂಜೆಯೇ ಬಣ್ಣ ಹಚ್ಚುವ ಚೌಕಿಗೆ ಹೋಗಿ ಯಾವ ವೇಷ ಯಾವ ಹೊತ್ತಿಗೆ, ಪದ್ಯ ಹಾಡುವ ಭಾಗವತರು ಬದಲಾಗುವುದು ಯಾವಾಗ ಎಂದು ಕೇಳಿ ಬರೆದುಕೊಳ್ಳಿ. ರೆಕಾರ್ಡಿಂಗ್‌ಗೆ ಮೇಳದವರ ಒಪ್ಪಿಗೆಯನ್ನೂ ಆಗಲೇ ಪಡೆಯಿರಿ. ಬದಲಾವಣೆಗೆ ಭಾಗವತರು ಬದಲಾಗುವ ಹೊತ್ತೇ ಸರಿ. ಪ್ರವೇಶದ ಚೆಂಡೆ ಏರಿತೋ, ಕ್ಯಾಮೆರಾ ಮುಟ್ಟಬೇಡಿ. ಬದಲಿಸುವ ಒಂದು ನಿಮಿಷ ಮೊದಲೇ ಪಕ್ಕದ ಸ್ಟ್ಯಾಂಡಿನ ಮೊಬೈಲ್‌ನಲ್ಲಿ ರೆಕಾರ್ಡ್ ಒತ್ತಿ. ಕ್ಯಾಮೆರಾ ಮತ್ತೆ ಓಡಲು ಶುರುವಾಗಿ ಒಂದು ನಿಮಿಷವಾದ ಮೇಲೆ ನಿಲ್ಲಿಸಿ. ಎಡಿಟಿಂಗ್‌ನಲ್ಲಿ ಎರಡೂ ಫೈಲಿನ ಒಂದೇ ಚೆಂಡೆ ಪೆಟ್ಟು ಹುಡುಕಿ ಜೋಡಿಸಿದರೆ ಸೇರಿಕೆ ಕಾಣುವುದಿಲ್ಲ. ಹೊಸ ಕಾರ್ಡ್ ಎಡ ಜೇಬಿನಲ್ಲಿ. ತೆಗೆದದ್ದು ಅದರ ಬದಿಯ ಲಾಕ್ ಎಳೆದು ಬಲ ಜೇಬಿಗೆ. ಇದನ್ನು ಮನೆಯಲ್ಲಿ ದೀಪ ಆರಿಸಿ ಹತ್ತು ಸಲ ಅಭ್ಯಾಸ ಮಾಡಿ. ಕತ್ತಲಲ್ಲಿ ಕಾರ್ಡನ್ನು ತಿರುಗುಮುರುಗಾಗಿ ತುರುಕಿ ಒದ್ದಾಡುವವರನ್ನು ಬೇಕಾದಷ್ಟು ನೋಡಿದ್ದೇನೆ.

ಬೆಳಿಗ್ಗೆ ನಿದ್ದೆಗಣ್ಣಲ್ಲಿ ಕಾಪಿ, ಫಾರ್ಮ್ಯಾಟ್ ಎಂದು ಕೂರಬೇಡಿ. ಮೊದಲು ಮಲಗಿ, ಮಧ್ಯಾಹ್ನ ಊಟವಾದ ಮೇಲೆ ನೋಡಿಕೊಂಡರಾಯಿತು.