ಸೀರೆಯ ಗೋಡೆ, ಸುಣ್ಣದ ಗೆರೆ: ಯರವಡಾದಲ್ಲಿ ನನ್ನ ಮೂರು ವರ್ಷ

ಪುಣೆಯ ಯರವಡಾ ಎಂದರೆ ನಮ್ಮ ಕಡೆಯವರಿಗೆ ಗಾಂಧೀಜಿ ಇದ್ದ ಜೈಲು ನೆನಪಾಗುತ್ತದೆ. ನನಗೆ ನೆನಪಾಗುವುದು ಆ ಭಾಗದ ಕೊಳೆಗೇರಿ ಓಣಿಗಳು. ಎದುರಿನಿಂದ ಕೊಡ ಹೊತ್ತವರು ಬಂದರೆ ನಾವು ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕು, ಅಷ್ಟೇ ಅಗಲ.

ಆಗಿನ ಬಿಜಾಪುರದಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿ ನಾನು ಪುಣೆಯಲ್ಲಿ ಅಪಾರ್ಟ್‌ಮೆಂಟ್ ಕಟ್ಟುವವರೊಬ್ಬರ ಬಳಿ ಕೆಲಸಕ್ಕಿದ್ದೆ. 2010ರಲ್ಲಿ ಅದನ್ನು ಬಿಟ್ಟು, ಲಾಭಕ್ಕೆ ಕೆಲಸ ಮಾಡದ ಒಂದು ಸಣ್ಣ ವಸತಿ ಸಂಸ್ಥೆ ಸೇರಿದೆ. ಸಂಬಳ ಇಳಿಯಿತು. ಆದರ್ಶ ಗೀದರ್ಶ ಏನಿರಲಿಲ್ಲ. ಹಳೆಯ ಕಡೆ ಮೂರು ತಿಂಗಳ ಪಗಾರ ಬಾಕಿ ಉಳಿದಿತ್ತು.

ಜವಾಹರಲಾಲ್ ನೆಹರೂ ನಗರ ನವೀಕರಣ ಯೋಜನೆ 2005ರ ಕೊನೆಯಲ್ಲಿ ಆರಂಭವಾಗಿತ್ತು. ಅದರಲ್ಲಿ ನಗರದ ಬಡವರ ಮನೆಗಳಿಗೆಂದೇ ಒಂದು ಭಾಗ. ಹಲವು ಊರುಗಳಲ್ಲಿ ಆ ಹಣದಿಂದ ಊರಾಚೆ ನಾಲ್ಕಂತಸ್ತಿನ ಕಟ್ಟಡ ಕಟ್ಟಿ ಜನರನ್ನು ಲಾರಿಯಲ್ಲಿ ಒಯ್ದರು. ಯರವಡಾದಲ್ಲಿ ಹಾಗಾಗಲಿಲ್ಲ. ತಗಡಿನ ಮನೆ ಎಲ್ಲಿತ್ತೋ ಅಲ್ಲೇ 270 ಚದರ ಅಡಿಯ ಪಕ್ಕಾ ಮನೆ. ಮನೆಯೊಂದಕ್ಕೆ 3 ಲಕ್ಷ ರೂಪಾಯಿ: ಅರ್ಧ ಕೇಂದ್ರದ್ದು, ಉಳಿದದ್ದರಲ್ಲಿ ಹೆಚ್ಚಿನ ಪಾಲು ರಾಜ್ಯದ್ದು, ಸ್ವಲ್ಪ ಪಾಲಿಕೆಯದು, ನೂರಕ್ಕೆ ಹತ್ತು ಮನೆಯವರದು. ಅಂದರೆ 30,000 ರೂಪಾಯಿ ಅವರ ಕೈಯಿಂದಲೇ ಬರಬೇಕು.

ಕೆಲಸವನ್ನು ದೊಡ್ಡ ಗುತ್ತಿಗೆದಾರರಿಗೆ ಒಟ್ಟಾಗಿ ಕೊಡದೆ ಸ್ವಯಂಸೇವಾ ಸಂಸ್ಥೆಗಳಿಗೆ ಹಂಚಿದ್ದರು. ಒಂದು ಪಾಲು ಸ್ಪಾರ್ಕ್ ಮತ್ತು ಮಹಿಳಾ ಮಿಲನ್‌ನದು. ಮುಂಬೈನ ಭಾಯಖಳಾದ ಫುಟ್‌ಪಾತಿನಲ್ಲಿ ಬದುಕುತ್ತಿದ್ದ ಹೆಂಗಸರು ದಿನಕ್ಕೆ ರೂಪಾಯಿ ಎರಡು ರೂಪಾಯಿ ಉಳಿಸುತ್ತ ಕಟ್ಟಿದ ಕೂಟ ಮಹಿಳಾ ಮಿಲನ್. ಅವರ ಜೊತೆ ನಿಂತ ಕೊಳೆಗೇರಿ ನಿವಾಸಿಗಳ ಒಕ್ಕೂಟದ ಜೋಕಿನ್ ಅರ್ಪುತಂ ನಮ್ಮ ಕೆಜಿಎಫ್‌ನಲ್ಲಿ ಹುಟ್ಟಿದವರು. ಇದೇ ಪುಣೆಯಲ್ಲಿ 1999ರಿಂದ ಸಾರ್ವಜನಿಕ ಶೌಚಾಲಯ ಕಟ್ಟುವ ಗುತ್ತಿಗೆಯನ್ನೂ ಹಿಡಿದಿದ್ದವರು ಮಹಿಳಾ ಮಿಲನ್‌ನ ಹೆಂಗಸರೇ. ನಮ್ಮ ಸಂಸ್ಥೆಯೂ ಅವರ ದಾರಿಯನ್ನೇ ನೋಡಿ ಕಲಿತಿತ್ತು. ಓಣಿಯಲ್ಲಿ ಮೊದಲು ಉಳಿತಾಯ ಸಂಘ, ಆಮೇಲೆ ಅಳತೆ, ಕೊನೆಗೆ ನಕ್ಷೆ. ನಾನು ಕಾಲೇಜಿನಲ್ಲಿ ಕಲಿತದ್ದಕ್ಕೆ ಸರಿಯಾಗಿ ತಿರುಗುಮುರುಗು.

ಅಳತೆಯಲ್ಲೇ ಮೊದಲ ಏಟು ತಿಂದೆ. ಟೇಪು ಹಿಡಿದು ಒಂದೇ ದಿನ ನಲವತ್ತು ಮನೆ ಅಳೆದು, ಪಟ್ಟಿ ಮಾಡಿ, ದೊಡ್ಡ ಸಾಧನೆ ಎಂದುಕೊಂಡೆ. ಸಂಘದ ಹೆಂಗಸರು ಆ ಪಟ್ಟಿಯನ್ನು ದೇವಸ್ಥಾನದ ಗೋಡೆಗೆ ಅಂಟಿಸಿದರು. ಸಂಜೆಯೊಳಗೆ ಏಳು ತಪ್ಪು ಸಿಕ್ಕವು. ಒಂದು ಮನೆಯ ಮುಂದಿನ ಕಟ್ಟೆಯನ್ನು ಪಕ್ಕದವರ ಲೆಕ್ಕಕ್ಕೆ ಸೇರಿಸಿದ್ದೆ. ಇನ್ನೊಂದು ಕಡೆ, ನಡುವೆ ಪರದೆ ಹಾಕಿಕೊಂಡು ಬೇರೆ ಒಲೆ ಹೂಡಿದ ಅಣ್ಣ ತಮ್ಮಂದಿರನ್ನು ಒಂದೇ ಮನೆ ಎಂದು ಬರೆದಿದ್ದೆ. ಪಾಲಿಕೆಯ ಕಾಗದದಲ್ಲಿ ಹೀಗೆ ಹೋಗಿದ್ದರೆ ತಮ್ಮನಿಗೆ ಮನೆಯೇ ಇರುತ್ತಿರಲಿಲ್ಲ. ಪಟ್ಟಿ ಎಂಟು ದಿನ ಗೋಡೆಯ ಮೇಲಿತ್ತು. ಜಗಳಗಳೆಲ್ಲ ಅಲ್ಲೇ ಮುಗಿದವು.

ನಾನು ಹೆಚ್ಚು ಕಾಲ ಸಿಕ್ಕಿಕೊಂಡದ್ದು ಎರಡು ಮನೆಗಳ ನಡುವೆ. ಒಂದರಲ್ಲಿ ಕಲಬುರಗಿ ಕಡೆಯಿಂದ ಬಂದ ಒಬ್ಬ ಅವ್ವ. ಬಾಗಿಲಲ್ಲೇ ಒಲೆ ಹೂಡಿ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದರು. ಪಕ್ಕದವರು ತರಕಾರಿ ಗಾಡಿಯವರು. ಎರಡೂ ಜಾಗ 9 ಅಡಿ ಅಗಲ, 15 ಅಡಿ ಉದ್ದ. ಒಂದೊಂದು 135 ಚದರ ಅಡಿ. ಮೇಲೊಂದು ಅಂತಸ್ತು ಸೇರಿದರೆ ಸರಿಯಾಗಿ 270. ಆದರೆ ಮೆಟ್ಟಿಲು ಎಲ್ಲಿ? ಇಬ್ಬರಿಗೂ ಬೇರೆ ಬೇರೆ ಮೆಟ್ಟಿಲೆಂದರೆ ಕೆಳಗಿನ ಕೋಣೆಯಲ್ಲಿ ಮಂಚ ಹಾಕುವಷ್ಟೂ ಉಳಿಯುವುದಿಲ್ಲ. ನಡುಗೋಡೆ ಒಂದೇ, ಮೆಟ್ಟಿಲು ಒಂದೇ ಎಂದು ನಕ್ಷೆ ಬರೆದೆ. ಕಾಗದದ ಮೇಲೆ ಇಬ್ಬರೂ ತಲೆಯಾಡಿಸಿದರು. ನಕ್ಷೆ ಓದಲು ಬಾರದವರು ಇಂಜಿನಿಯರನ ಮುಂದೆ ಹೀಗೇ ತಲೆಯಾಡಿಸುತ್ತಾರೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ಸಂಘದ ಹೆಂಗಸರಿಗೆ ಗೊತ್ತಿತ್ತು. ಶಾಲೆಯ ಬಯಲಿನಲ್ಲಿ ಸುಣ್ಣದ ಗೆರೆ ಎಳೆದು, ಬಿದಿರಿನ ಗಳ ನೆಟ್ಟು, ಹಳೆಯ ಸೀರೆಗಳನ್ನು ಗೋಡೆಯಾಗಿ ಕಟ್ಟಿ ಆ ಎರಡು ಮನೆಗಳನ್ನು ಇದ್ದ ಅಳತೆಯಲ್ಲೇ ನಿಲ್ಲಿಸಿದರು. ಮೆಟ್ಟಿಲಿನ ಜಾಗದಲ್ಲಿ ಇಟ್ಟಿಗೆ ಪೇರಿಸಿದರು. ಅವ್ವ ಒಳಗೆ ಹೋಗಿ, ಒಲೆ ಇರುವ ಕಡೆ ಚಕ್ಕಳ ಮಕ್ಕಳ ಹಾಕಿ ಕುಳಿತು, ಗಾಳಿಯಲ್ಲೇ ಎರಡು ರೊಟ್ಟಿ ಬಡಿದು, ತಲೆ ಎತ್ತಿ ನೋಡಿದರು. ಎದುರಿಗೆ ನನ್ನ ಮೆಟ್ಟಿಲು.

“ತಮ್ಮಾ, ಇಲ್ಲಿ ಕುಳಿತರೆ ನಾನು ಯಾರಿಗೆ ಕಾಣಬೇಕು?”

ನಾನು ಮೆಟ್ಟಿಲನ್ನು ಮುಂದೆ ಇಟ್ಟದ್ದು ಒಳಗೆ ಜಾಗ ಉಳಿಯಲೆಂದು. ಅದು ಅವರ ಅಂಗಡಿಯನ್ನೇ ಮುಚ್ಚಿತ್ತು. ಗಾಡಿಯವರ ಕಡೆಗೆ ಸರಿಸೋಣ ಎಂದರೆ ಅವರ ಗಾಡಿ ರಾತ್ರಿ ಎಲ್ಲಿ ನಿಲ್ಲಬೇಕು? ಕೊನೆಗೆ ಅವರೇ ತಮ್ಮ ಗಾಡಿಯನ್ನು ಬಯಲಿಗೆ ತಳ್ಳಿಕೊಂಡು ಬಂದರು. ಹಿಂದೆ ಮುಂದೆ ಆಡಿಸಿ, ಮೆಟ್ಟಿಲಿನ ಏರು ಇಷ್ಟು ಕಡಿದಾದರೆ ಅಡಿಯಲ್ಲಿ ಗಾಡಿ ಹೊಕ್ಕುತ್ತದೆ ಎಂದು ಅವರೇ ಬಿದಿರು ಓರೆ ಹಿಡಿದು ತೋರಿಸಿದರು. ಮೆಟ್ಟಿಲ ಅಡಿಯ ಜಾಗ ತಮ್ಮದೇ ಎಂದು ಛಾಪಾ ಕಾಗದದಲ್ಲಿ ಬರೆಸಿಕೊಂಡ ಮೇಲೆಯೇ ಹೆಬ್ಬೆಟ್ಟು ಒತ್ತಿದ್ದು.

ಇದಕ್ಕೆಲ್ಲ ಹತ್ತೊಂಬತ್ತು ದಿನ ಹಿಡಿಯಿತು. ಎರಡು ಮನೆಗೆ ಹತ್ತೊಂಬತ್ತು ದಿನ! ಲಾಭ ನೋಡುವ ಯಾವ ಗುತ್ತಿಗೆದಾರನೂ ಇಷ್ಟು ಕಾಯುವುದಿಲ್ಲ. ಅವನನ್ನು ಬೈಯುವುದೂ ತಪ್ಪು, ಅವನ ಸೆಂಟ್ರಿಂಗ್ ಹಲಗೆಗೆ ದಿನದ ಬಾಡಿಗೆ ಓಡುತ್ತಿರುತ್ತದೆ.

ಕಟ್ಟುವ ಕೆಲಸದ ಬಗ್ಗೆ ಹೇಳುವುದು ಕಡಿಮೆ. ಓಣಿಗೆ ಲಾರಿ ಬರುವುದಿಲ್ಲ, ಜಲ್ಲಿ ಮರಳು ಎಲ್ಲ ತಲೆಯ ಮೇಲೆ. ಗೌಂಡಿಗಳು ಅದೇ ಕೊಳೆಗೇರಿ ಬಸ್ತಿಯವರು, ಕೆಲಸ ಚೆನ್ನಾಗಿ ಗೊತ್ತಿದ್ದವರು. ಅವರ ಪೈಕಿ ಹಲವರು ಆ ಊರಿನ ಎಷ್ಟೋ ಅಪಾರ್ಟ್‌ಮೆಂಟ್ ಕಟ್ಟಿ ಬಂದು ತಗಡಿನ ಕೆಳಗೆ ಮಲಗುತ್ತಿದ್ದರು.

ಹಣದ ಸಂಗತಿ ಬೇರೆ. ಅದು ಕಂತಿನಲ್ಲಿ ಬರುತ್ತಿತ್ತು: ಪಾಯ, ಗೋಡೆ, ಸ್ಲ್ಯಾಬ್, ಹೀಗೆ ಮುಗಿದಷ್ಟಕ್ಕೆ ಬಿಲ್ಲು. 2011ರ ಮೇ ತಿಂಗಳಲ್ಲಿ, ಮಳೆಗೆ ಮುಂಚೆ ಸ್ಲ್ಯಾಬ್ ಹಾಕಿಬಿಡುವ ಹುಮ್ಮಸ್ಸಿನಲ್ಲಿ, ಒಂದೇ ಸಾಲಿನ ಆರು ಮನೆ ಕೆಡವಿಸಿದೆ. ಕಂತು ತಡವಾಯಿತು. ಜೂನ್‌ನಲ್ಲಿ ಮಳೆ ಬಂತು. ಆರು ಪಾಯದ ಗುಂಡಿಗಳಲ್ಲಿ ನೀರು. ಮನೆ ಕಟ್ಟುವವರೆಗೆ ಬಾಡಿಗೆ ಕೊಡುವ ಏರ್ಪಾಡು ನಮ್ಮಲ್ಲಿರಲಿಲ್ಲ, ಜನ ಅವರಿವರ ಮನೆಯ ಮೂಲೆಯಲ್ಲಿದ್ದರು. ದಿನಾ ಬೆಳಿಗ್ಗೆ ಒಬ್ಬಾಕೆ ಗುಂಡಿಯ ಅಂಚಿನಲ್ಲಿ ನಿಂತಿರುತ್ತಿದ್ದರು, ಒಂದು ಮಾತೂ ಆಡುತ್ತಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಗ ನಮ್ಮ ಸಂಸ್ಥೆ ತನ್ನ ಆವರ್ತ ನಿಧಿ ತೆಗೆಯಿತು. ಕಂತು ಬಂದಾಗ ತುಂಬಿಕೊಳ್ಳುವುದು, ಬರುವವರೆಗೆ ಸಿಮೆಂಟು ಸರಳಿನ ಸಾಲ ತೀರಿಸುವುದು. ಆಗಸ್ಟ್ ಹೊತ್ತಿಗೆ ಮೂರು ಸ್ಲ್ಯಾಬ್ ಹಾಕಿದ್ದಾಯಿತು. ಅಲ್ಲಿಂದ ಮುಂದೆ ಒಂದು ಸಲಕ್ಕೆ ಎರಡಕ್ಕಿಂತ ಹೆಚ್ಚು ಮನೆ ಕೆಡವಬಾರದೆಂದು ಸಂಘದವರು ಠರಾವು ಮಾಡಿದರು. ನನ್ನ ಹೆಸರು ಬರೆಯಲಿಲ್ಲ, ಅದು ಅವರ ದೊಡ್ಡತನ.

ಯೋಜನೆ ಕಚ್ಚಾ ಮನೆಗಳಿಗೆ ಮಾತ್ರ. ಸಾಲ ಮಾಡಿ ಮೊದಲೇ ಇಟ್ಟಿಗೆ ಗೋಡೆ ಎಬ್ಬಿಸಿದವರಿಗೆ ಏನೂ ಇಲ್ಲ. ಹೀಗಾಗಿ ಹೊಸ ಮನೆಗಳು ಬಾಯಲ್ಲಿ ಕಟ್ಟಿಸಿಕೊಂಡ ಹಲ್ಲಿನ ಹಾಗೆ ಅಲ್ಲೊಂದು ಇಲ್ಲೊಂದು ಎದ್ದವು. ಓಣಿ ಅಗಲವಾಗಲಿಲ್ಲ, ಚರಂಡಿ ನೇರವಾಗಲಿಲ್ಲ. ಬಸ್ತಿಯನ್ನೇ ಸರಿಪಡಿಸಿದೆವು ಎಂದು ನಾನು ಎಲ್ಲೂ ಹೇಳುವುದಿಲ್ಲ. ಒಂದಷ್ಟು ಮನೆ ಕಟ್ಟಿದೆವು, ಯಾರನ್ನೂ ಊರಾಚೆ ಕಳಿಸಲಿಲ್ಲ.

ಹೋದ ವರ್ಷ ಪುಣೆಗೆ ಹೋದಾಗ ಆ ಓಣಿಗೆ ಹೋಗಿದ್ದೆ. ಅವ್ವನ ಒಲೆ ಈಗ ಗ್ಯಾಸಿನದು, ಮೇಲಿನ ಕೋಣೆಯಲ್ಲಿ ಬಾಡಿಗೆಗೆ ಇಬ್ಬರು ಹುಡುಗರು. ಮೆಟ್ಟಿಲಿನ ಮೊದಲ ಹೆಜ್ಜೆ ಓಣಿಯೊಳಕ್ಕೆ ಒಂಬತ್ತು ಇಂಚು ಚಾಚಿಕೊಂಡಿದೆ. ಗಾಡಿ ಹೊಕ್ಕಲೆಂದು ಏರು ಬದಲಿಸಿದಾಗ ನನ್ನ ಲೆಕ್ಕ ತಪ್ಪಿದ್ದು. ಅದರ ಮೇಲೆ ಕುಳಿತು ಒಬ್ಬ ಹುಡುಗ ಮೊಬೈಲ್ ನೋಡುತ್ತಿದ್ದ. ಅವ್ವ ಹತ್ತು ರೊಟ್ಟಿ ಕಟ್ಟಿಕೊಟ್ಟರು. ಕೊಟ್ಟ ದುಡ್ಡನ್ನು ಎರಡು ಸಲ ಎಣಿಸಿ ತೆಗೆದುಕೊಂಡರು.