ಮುಖಪುಟದ ಹೆಸರು: ಕುಂಚ ಎಲ್ಲಿಯವರೆಗೆ, ಕಂಪ್ಯೂಟರ್ ಎಲ್ಲಿಂದ

ಪುಸ್ತಕದ ಹೆಸರನ್ನು ನಾನು ಕೈಯಲ್ಲೇ ಬರೆಯುತ್ತೇನೆ. ಲೇಖಕರ ಹೆಸರು, ಬೆನ್ನುಡಿ, ಬೆಲೆ ಎಲ್ಲ ಫಾಂಟಿನಲ್ಲಿ. ಹೀಗೆ ಭಾಗ ಮಾಡಿಕೊಂಡಿರುವುದಕ್ಕೆ ಮುಖ್ಯ ಕಾರಣ ನಮ್ಮ ಒತ್ತಕ್ಷರ.

‘ಅಜ್ಜಿಯ ಹಿತ್ತಿಲು’ ಎಂಬ ಹೆಸರನ್ನು ಎರಡು ಸಾಲಿನಲ್ಲಿ ಕೂರಿಸಬೇಕು ಅಂದುಕೊಳ್ಳಿ. ಮೇಲಿನ ‘ಜ್ಜಿ’ಯ ಒತ್ತು ಕೆಳಗಿಳಿಯುತ್ತದೆ, ಕೆಳಗಿನ ‘ತ್ತಿ’ಯ ಗುಡಿಸು ಮೇಲೇಳುತ್ತದೆ, ನಟ್ಟನಡುವೆ ಎರಡೂ ಢಿಕ್ಕಿ. ಇಂಥದ್ದು ಎಲ್ಲೂ ಆಗದಿರಲೆಂದೇ ಫಾಂಟು ಮಾಡುವವರು ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಟ್ಟಿರುತ್ತಾರೆ. ಒಳಪುಟದ 12 ಪಾಯಿಂಟಿಗೆ ಅದು ಬೇಕೇ ಬೇಕು. 90 ಪಾಯಿಂಟಿನ ಶೀರ್ಷಿಕೆಯಲ್ಲಿ ಅದೇ ಜಾಗ ಹೊಂಡದ ಹಾಗೆ ಕಾಣುತ್ತದೆ. ಅಂತರ ತಗ್ಗಿಸಿದರೆ ಒತ್ತು ಹೋಗಿ ಗುಡಿಸಿನ ಮೇಲೆ ಕೂರುತ್ತದೆ. ಕೈಯಲ್ಲಾದರೆ ಜ-ಒತ್ತನ್ನು ತುಸು ಸಣ್ಣ ಮಾಡಿ, ಎಡಕ್ಕೆ ಸರಿಸಿ, ‘ಹಿ’ಗೂ ‘ತ್ತಿ’ಗೂ ನಡುವಿನ ಸಂದಿಗೆ ಇಳಿಬಿಡಬಹುದು; ಗುಡಿಸನ್ನು ಅದರ ಪಕ್ಕಕ್ಕೆ ಬಾಗಿಸಬಹುದು. ಆಗ ಎರಡು ಸಾಲೂ ಬೆರಳಿಗೆ ಬೆರಳು ಹೆಣೆದಂತೆ ಕೂರುತ್ತವೆ. ಪೆನ್ಸಿಲ್ ಹಿಡಿದಾಗ ಹೊಳೆಯುವ ಈ ಹೊಂದಾಣಿಕೆ ಮೌಸ್ ಹಿಡಿದಾಗ ನನಗೆ ಹೊಳೆಯುವುದಿಲ್ಲ. ಒತ್ತೇ ಇಲ್ಲದ, ಒಂದೇ ಸಾಲಿನ ಹೆಸರಿರುವ ಮಕ್ಕಳ ಪುಸ್ತಕವಾದರೆ ‘ಬಾಲೂ ತಮ್ಮ’ ಎಂಬಂಥ ದಪ್ಪ ಫಾಂಟು ಧಾರಾಳ ಸಾಕು.

ಅಳತೆ ಒಂದೂವರೆ ಪಟ್ಟು. ಡೆಮಿ 1/8 ಪುಸ್ತಕ 5.5 × 8.5 ಇಂಚು, ಅದರಲ್ಲಿ ಹೆಸರಿಗೆ 4 ಇಂಚು ಅಗಲ ಸಿಕ್ಕರೆ ನಾನು 6 ಇಂಚಿಗೆ ಬರೆಯುತ್ತೇನೆ. ಕಿರಿದಾಗುವಾಗ ಕೈನಡುಕ ಅಡಗುತ್ತದೆ. ಮೂರು ಪಟ್ಟು ಬರೆದರೆ ಒಣ ಕುಂಚದ ಗೀರುಗಳೂ ಅಡಗಿಹೋಗುತ್ತವೆ, ತೆಳುಗೆರೆ ಕೂದಲಾಗುತ್ತದೆ. ಹಾಳೆ ನುಣುಪಾದ ಐವರಿ ಬೋರ್ಡ್. ತರಿತರಿ ಡ್ರಾಯಿಂಗ್ ಹಾಳೆಯಲ್ಲಿ ಗೆರೆಯ ಅಂಚು ಒಡೆಯುತ್ತದೆ. ತಿಳಿನೀಲಿ ಪೆನ್ಸಿಲಿನಲ್ಲಿ ರೂಪ ಹಾಕಿ, 4ನೇ ನಂಬರಿನ ದುಂಡು ಕುಂಚದಲ್ಲಿ ಕಪ್ಪು ವಾಟರ್‌ಪ್ರೂಫ್ ಇಂಕ್ ತುಂಬುತ್ತೇನೆ.

ಒಂದೇ ಹೆಸರನ್ನು ಎಂಟು-ಹತ್ತು ಸಲ ಬರೆಯುತ್ತೇನೆ, ಒಂದೇ ಕೂರಿಕೆಯಲ್ಲಿ, ಒಂದೇ ಕುಂಚದಲ್ಲಿ. ಎರಡನೇ ಹಾಳೆಯ ‘ಅ’, ಏಳನೆಯ ಹಾಳೆಯ ‘ಲು’ ಹೀಗೆ ಆಯ್ದು ಜೋಡಿಸುವುದು ಕಂಪ್ಯೂಟರಿನಲ್ಲಿ. ಮರುದಿನ ಬರೆದ ಅಕ್ಷರ ಸೇರಿಸಿದರೆ ಗೆರೆಯ ದಪ್ಪ ಬೇರೆಯಾಗಿ, ಅದೊಂದೇ ಕಣ್ಣಿಗೆ ಚುಚ್ಚುತ್ತದೆ. ಯಾವುದೋ ಅಕ್ಷರ ಚಿಕ್ಕದಾಯಿತೆಂದು ಅದನ್ನೊಂದೇ ಶೇಕಡಾ 10 ಹಿಗ್ಗಿಸಲೂ ಬಾರದು. ಗೆರೆಯೂ ಅಷ್ಟೇ ದಪ್ಪವಾಗುತ್ತದೆ. ಮತ್ತೆ ಬರೆಯುವುದೇ ಬೇಗ.

ಸ್ಕ್ಯಾನ್ ಬಣ್ಣದಲ್ಲಿ, 600 ಡಿಪಿಐ (ಇಂಚಿಗೆ 600 ಚುಕ್ಕೆ), ಟಿಫ್ ಕಡತ. ಮುದ್ರಣದ ಅಳತೆಗೆ ಇಳಿಸಿದಾಗ ಅದು 900 ಆಗುತ್ತದೆ. ಜೆಪೆಗ್ ಬೇಡ, ಅಂಚಿನ ಸುತ್ತ ಅದು ಬಿಡುವ ಧೂಳು ಟ್ರೇಸ್ ಮಾಡುವಾಗ, ಅಂದರೆ ಸ್ಕ್ಯಾನ್ ಚಿತ್ರವನ್ನು ಬಿಂದು-ಗೆರೆಗಳ ಆಕಾರಕ್ಕೆ ಬದಲಿಸುವಾಗ, ಚುಕ್ಕೆಗಳಾಗುತ್ತದೆ. ಆಮೇಲೆ ಚಿತ್ರದ ಕೆಂಪು, ಹಸಿರು, ನೀಲಿ ಪದರಗಳಲ್ಲಿ (ಚಾನೆಲ್) ನೀಲಿ ಒಂದನ್ನೇ ಉಳಿಸಿಕೊಳ್ಳಿ: ನೀಲಿ ಪೆನ್ಸಿಲ್ ಅಲ್ಲಿ ಹೆಚ್ಚುಕಡಿಮೆ ಬಿಳಿ, ಇಂಕ್ ಮಾತ್ರ ಕಪ್ಪು. ರಬ್ಬರಿನಿಂದ ಉಜ್ಜಿ ಗೆರೆ ಮಂಕು ಮಾಡುವ ಕೆಲಸವೇ ಇಲ್ಲ.

ಟ್ರೇಸ್ ಮಾಡುವುದು ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ. ಇಲ್ಲೇ ಹೆಚ್ಚು ಹಾಳಾಗುವುದು. ‘ಮೂಲೆ ನಯಗೊಳಿಸು’ ಅನ್ನುವ ಆಯ್ಕೆ ತಾನಾಗಿ 1.0ಯಲ್ಲಿರುತ್ತದೆ, ಹಾಗೇ ಬಿಟ್ಟರೆ ತಲೆಕಟ್ಟಿನ ತುದಿಯ ಚೂಪು ಮೊಂಡಾಗುತ್ತದೆ. ನಾನು ಅರ್ಧಕ್ಕೆ ಇಳಿಸುತ್ತೇನೆ. ಬಿಂದುಗಳು ಜಾಸ್ತಿಯಾದವೆಂದು ‘ಸಿಂಪ್ಲಿಫೈ’ ಒತ್ತಬೇಡಿ, ಇಡೀ ಅಕ್ಷರ ಮೇಣದಂತೆ ಕರಗುತ್ತದೆ. ಬಾಗಿನ ನೆತ್ತಿ, ಬುಡ, ಎಡ, ಬಲದ ಬಿಂದುಗಳನ್ನು ಉಳಿಸಿ ನಡುವಿನವನ್ನು ಒಂದೊಂದಾಗಿ ಅಳಿಸಿ. ಒಣ ಕುಂಚ ಗೀರಿದ ಜಾಗವನ್ನು ಮಾತ್ರ ಮುಟ್ಟಬೇಡಿ. ಕೈಬರಹದ ಜೀವ ಇರುವುದೇ ಅಲ್ಲಿ, ಅದನ್ನೂ ನುಣುಪು ಮಾಡುವುದಾದರೆ ಮೊದಲೇ ಫಾಂಟು ಬಳಸಬಹುದಿತ್ತು.

ಪುಟ ಕಟ್ಟುವುದು ಸ್ಕ್ರೈಬಸ್ ಎಂಬ ಪುಟವಿನ್ಯಾಸದ ತಂತ್ರಾಂಶದ 1.6ನೇ ಆವೃತ್ತಿಯಲ್ಲಿ. ಹಳೆಯ 1.4ರಲ್ಲಿ ಕನ್ನಡದ ಒತ್ತು ಒಡೆದುಹೋಗುತ್ತಿತ್ತು, ಈಗ ಸರಿಯಾಗಿ ಕೂರುತ್ತದೆ. ಇಂಕ್‌ಸ್ಕೇಪಿನ ಕಪ್ಪು ಆರ್‌ಜಿಬಿ ಕಪ್ಪು, ಅಂದರೆ ಕಂಪ್ಯೂಟರ್ ಪರದೆಯ ಕೆಂಪು-ಹಸಿರು-ನೀಲಿ ಲೆಕ್ಕದ್ದು. ಹಾಗೇ ಕಳಿಸಿದರೆ ಮುದ್ರಣದ ನಾಲ್ಕೂ ಬಣ್ಣ (ನೀಲಿ, ಕೆಂಪು, ಹಳದಿ, ಕಪ್ಪು) ಸೇರಿ ಅಚ್ಚಾಗಿ, ಪ್ಲೇಟು ಕೂದಲೆಳೆ ಜರುಗಿದರೂ ಅಕ್ಷರದ ಅಂಚಿನಲ್ಲಿ ಕೆಂಪು-ನೀಲಿ ಇಣುಕುತ್ತದೆ. ಅದನ್ನು ಶೇಕಡಾ 100 ಕಪ್ಪಿಗೆ ಬದಲಿಸಿ, ಉಳಿದ ಮೂರು ಸೊನ್ನೆ. ಸುತ್ತ 3 ಮಿ.ಮೀ. ಬ್ಲೀಡ್, ಅಂದರೆ ಕತ್ತರಿಸುವಾಗ ಹೋಗುವ ಹೆಚ್ಚುವರಿ ಅಂಚು. ಬೆನ್ನುಡಿ ಯೂನಿಕೋಡ್ ಅಲ್ಲದ ಹಳೆಯ ‘ನುಡಿ’ ಫಾಂಟಿನಲ್ಲಿ ಬಂದಿದ್ದರೆ ಯೂನಿಕೋಡಿಗೆ ಬದಲಿಸಿದ ಮೇಲೆ ಅರ್ಕಾವೊತ್ತುಗಳನ್ನು ಒಂದೊಂದಾಗಿ ನೋಡಿ. ‘ಧರ್ಮ’ಕ್ಕೆ ಒಂಬತ್ತರ ಅಂಕಿ ಹಾಕಿ ‘ಧಮ೯’ ಎಂದು ಟೈಪ್ ಮಾಡಿರುವವರು ಬಹಳ ಮಂದಿ.

ಪುಸ್ತಕದ ಬೆನ್ನಿಗೆ ಮುಖಪುಟದ ಅಕ್ಷರವನ್ನೇ ಕುಗ್ಗಿಸಿ ಹಾಕಬೇಡಿ. 160 ಪುಟದ ಪುಸ್ತಕದ ಬೆನ್ನು ಸುಮಾರು 8 ಮಿ.ಮೀ.; ಒತ್ತಿಗೂ ಗುಡಿಸಿಗೂ ಜಾಗ ಬಿಟ್ಟರೆ ಅಕ್ಷರದ ಮೈಗೆ ಉಳಿಯುವುದು 3 ಮಿ.ಮೀ. ಅಷ್ಟರಲ್ಲಿ ‘ಜ’ದ ಹೊಟ್ಟೆ ಇಂಕಿನಿಂದ ಮುಚ್ಚಿಹೋಗುತ್ತದೆ. 2ನೇ ನಂಬರಿನ ಕುಂಚದಲ್ಲಿ, ಒಳಜಾಗ ಅಗಲ ಬಿಟ್ಟು, ಒಂದೇ ಸಾಲಿನಲ್ಲಿ ಬೇರೆಯೇ ಬರೆಯುತ್ತೇನೆ.