ಸೋರುವ ನಲ್ಲಿಗೆ ಬಲ ಹಾಕಬೇಡಿ, ಅದರ ಸೀಟನ್ನು ನೋಡಿ

ಸ್ನಾನದ ಮನೆಯ ನಲ್ಲಿ ತೊಟ್ಟಿಕ್ಕತೊಡಗಿದ ಕೂಡಲೇ ಈಗಿನ ಮಕ್ಕಳು ಮಾಡುವ ಮೊದಲ ಕೆಲಸವೆಂದರೆ ಅದರ ಹಿಡಿಯನ್ನು ಹಲ್ಲು ಕಚ್ಚಿ ಇನ್ನಷ್ಟು ಬಿಗಿಯುವುದು. ಅಂದಿನ ಮಟ್ಟಿಗೆ ಹನಿ ನಿಲ್ಲುತ್ತದೆ, ನಾಲ್ಕು ದಿನ ಕಳೆದ ಮೇಲೆ ಮತ್ತೆ ಶುರುವಾಗುತ್ತದೆ, ಆಗ ಇನ್ನೂ ಹೆಚ್ಚು ಬಲ ಹಾಕುತ್ತಾರೆ. ಹೀಗೆ ಬಿಗಿದು ಬಿಗಿದು ಒಳಗಿನ ವಾಷರ್ ಸೀಳಿ, ಹಿಡಿಗೆ ಸೇರಿದ ಸ್ಪಿಂಡಲ್ ಎಂಬ ಕಡ್ಡಿಯ ಥ್ರೆಡ್ ಸವೆದು, ಹಿಡಿ ಸುಮ್ಮನೆ ಸುತ್ತತೊಡಗಿದಾಗ, ನಲ್ಲಿಯೇ ಕಳಪೆಯದು, ಹೊಸದನ್ನು ಹಾಕಿಸೋಣ ಎಂದು ತೀರ್ಮಾನಿಸುತ್ತಾರೆ. ಶವರ್ ಸೋರಿದರಂತೂ ಶವರಿನ ತಲೆಯನ್ನೇ ಬದಲಾಯಿಸಿಬಿಡುತ್ತಾರೆ. ನೀರನ್ನು ತಡೆಯಬೇಕಾದದ್ದು ಗೋಡೆಯಲ್ಲಿರುವ ವಾಲ್ವ್, ತೂತುಗಳಿರುವ ಆ ತಲೆಯಲ್ಲ ಎಂಬಷ್ಟನ್ನೂ ಯೋಚಿಸದೆ ಕೈಹಾಕುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಶವರ್ ನಿಲ್ಲಿಸಿದ ಮೇಲೆ ಸ್ವಲ್ಪ ಹೊತ್ತು ಹನಿ ಬೀಳುವುದು ಕೊಳವೆಯಲ್ಲಿ ಉಳಿದ ನೀರು, ಅದಕ್ಕೆ ಚಿಂತೆ ಬೇಡ. ಒಂದು ಗಂಟೆಯ ಮೇಲೂ ಬೀಳುತ್ತಲೇ ಇದ್ದರೆ ಮಾತ್ರ ಅದು ಸೋರಿಕೆ.

ತಿರುಗಿಸಿ ಮುಚ್ಚುವ ನಲ್ಲಿಯ ಒಳಗೆ ನಡೆಯುವುದು ಬಹಳ ಸರಳವಾದ ಕೆಲಸ. ಹಿಡಿಯನ್ನು ತಿರುಗಿಸಿದಾಗ ಸ್ಪಿಂಡಲ್ ಒಳಗೆ ಇಳಿಯುತ್ತದೆ, ಅದರ ತುದಿಯಲ್ಲಿರುವ ರಬ್ಬರ್ ವಾಷರ್ ಹಿತ್ತಾಳೆಯ ಒಂದು ದುಂಡು ಅಂಚಿನ ಮೇಲೆ ಕೂರುತ್ತದೆ, ನೀರು ನಿಲ್ಲುತ್ತದೆ. ಆ ಅಂಚನ್ನೇ ಸೀಟ್ ಎನ್ನುತ್ತಾರೆ. ಇಂಗ್ಲೆಂಡಿನ ರಾಥರ್‌ಹ್ಯಾಮ್‌ನಲ್ಲಿ 1845ರಲ್ಲಿ ಪೇಟೆಂಟ್ ಆದ ಈ ಏರ್ಪಾಡಿನ ತಿರುಳು ಇಂದಿಗೂ ಬದಲಾಗಿಲ್ಲವಾದ್ದರಿಂದ, ಒಂದು ಸಲ ಮನಸ್ಸಿಟ್ಟು ಕಲಿತವರಿಗೆ ಅದು ಜೀವನಪೂರ್ತಿ ಉಪಯೋಗಕ್ಕೆ ಬರುತ್ತದೆ. ಒಂದೇ ಹಿಡಿಯ ನಲ್ಲಿಗಳಲ್ಲಿಯೂ ಕಾಲು ಸುತ್ತಿಗೆ ತೆರೆದುಕೊಳ್ಳುವ ನಲ್ಲಿಗಳಲ್ಲಿಯೂ ವಾಷರಿನ ಬದಲು ಕಾರ್ಟ್ರಿಡ್ಜ್ ಎಂಬ ಇಡಿಯಾಗಿ ಬದಲಾಯಿಸುವ ಒಳಭಾಗ ಅಥವಾ ಸೆರಾಮಿಕ್ ಬಿಲ್ಲೆಗಳಿರುತ್ತವೆ. ಅವುಗಳ ವಿಷಯವನ್ನು ಕೊನೆಯಲ್ಲಿ ಹೇಳುತ್ತೇನೆ.

ಕೈಗೆ ಸ್ಪ್ಯಾನರ್ ತೆಗೆದುಕೊಳ್ಳುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ನೋಡಬೇಕು. ನಲ್ಲಿಯನ್ನು ಮುಚ್ಚಿದ ಮೇಲೂ ಮೂತಿಯಿಂದ ಹನಿ ಬಿದ್ದರೆ ದೋಷವಿರುವುದು ವಾಷರಿನಲ್ಲಿ ಅಥವಾ ಸೀಟಿನಲ್ಲಿ. ನಲ್ಲಿ ತೆರೆದಿರುವಾಗ ಮಾತ್ರ ಹಿಡಿಯ ಬುಡದಿಂದ ನೀರು ಜಿನುಗಿದರೆ ಅದು ಸ್ಪಿಂಡಲಿನ ಸುತ್ತ ನೀರು ತಡೆಯುವ ಗ್ಲ್ಯಾಂಡಿನ ಅಥವಾ ಓ ರಿಂಗ್ ಎಂಬ ರಬ್ಬರ್ ಬಳೆಯ ದೋಷ. ಬಿಸಿನೀರು, ತಣ್ಣೀರು ಎರಡೂ ಒಂದೇ ಮೂತಿಯಲ್ಲಿ ಬರುವಂತಿದ್ದರೆ ಒಂದೊಂದು ಪೈಪಿನ ನೀರನ್ನು ನಿಲ್ಲಿಸುವ ಸಣ್ಣ ವಾಲ್ವ್ ಆದ ಆಂಗಲ್ ಕಾಕನ್ನು ಸರದಿಯಂತೆ ಮುಚ್ಚಿ ನೋಡಿ. ಯಾವುದನ್ನು ಮುಚ್ಚಿದಾಗ ಹನಿ ನಿಲ್ಲುತ್ತದೆಯೋ ಆ ಕಡೆಯದು ಕೆಟ್ಟಿದೆ. ಸಾಮಾನ್ಯವಾಗಿ ಬಿಸಿನೀರಿನ ಕಡೆಯ ವಾಷರ್ ಮೊದಲು ಕೆಡುತ್ತದೆ, ಏಕೆಂದರೆ ಕಾವಿಗೆ ರಬ್ಬರ್ ಬೇಗ ಗಟ್ಟಿಯಾಗುತ್ತದೆ. ಒಂದೆರಡು ಹನಿಗೆ ಇಷ್ಟೆಲ್ಲ ಏಕೆ ಎಂದು ಕೇಳುವವರು ಲೆಕ್ಕ ಹಾಕಿ ನೋಡಲಿ: ಹನಿಯೊಂದನ್ನು ಕಾಲು ಮಿಲಿಲೀಟರ್ ಎಂದು ಹಿಡಿದರೆ, ಸೆಕೆಂಡಿಗೆ ಒಂದರಂತೆ ಬೀಳುವ ನೀರು ದಿನದ 86,400 ಸೆಕೆಂಡುಗಳಲ್ಲಿ 21 ಲೀಟರ್ ದಾಟುತ್ತದೆ, ವರ್ಷಕ್ಕೆ 7,800 ಲೀಟರಿಗೂ ಮೇಲಾಗುತ್ತದೆ. ಬಿಸಿನೀರಾದರೆ ಅದನ್ನು ಕಾಯಿಸಿದ ಖರ್ಚೂ ಅದರೊಂದಿಗೆ ಹರಿದುಹೋಗುತ್ತದೆ.

ನೀರನ್ನು ನಿಲ್ಲಿಸಿ ಕೆಲಸ ಶುರುಮಾಡಬೇಕು ಎಂಬುದನ್ನು ನಾನು ಬರೆಯಬೇಕಾಗಿಲ್ಲ ಎಂದುಕೊಂಡಿದ್ದೇನೆ. ನಲ್ಲಿಗೆ ನೀರು ಬರುವ ವಾಲ್ವ್ ಮುಚ್ಚಿದ ಮೇಲೆ ನಲ್ಲಿಯನ್ನು ತೆರೆದಿಟ್ಟು ಪೈಪಿನಲ್ಲಿ ಉಳಿದದ್ದನ್ನು ಹರಿಯಲು ಬಿಡಿ. ನೀರು ಹೋಗುವ ಕಿಂಡಿಗೆ ಬಟ್ಟೆ ತುರುಕಿ, ಟಬ್ಬಿನ ತಳಕ್ಕೆ ದಪ್ಪನೆಯ ಹಳೆಯ ಟವೆಲನ್ನು ಹಾಸಿ. ಸಣ್ಣ ಸ್ಕ್ರೂ ಕಿಂಡಿಯೊಳಗೆ ಬಿದ್ದರೆ ಅರ್ಧ ದಿನ ಅದನ್ನು ಹುಡುಕುವುದರಲ್ಲೇ ಕಳೆಯುತ್ತದೆ, ಸ್ಪ್ಯಾನರ್ ಜಾರಿ ಬಿದ್ದರೆ ಟಬ್ಬಿನ ಹೊಳಪಿನ ಪದರ ಕಿತ್ತುಬರುತ್ತದೆ. ಸ್ಪ್ಯಾನರಿನ ಬಾಯಿಗೂ ಬಟ್ಟೆ ಸುತ್ತಿಕೊಳ್ಳಿ. ಕ್ರೋಮ್ ಮೇಲೆ ಹಲ್ಲಿನ ಗುರುತು ಮೂಡಿಸಿ ಆಮೇಲೆ ನಲ್ಲಿಯ ಅಂದ ಕೆಟ್ಟಿತೆಂದು ಗೊಣಗುವುದರಲ್ಲಿ ಅರ್ಥವಿಲ್ಲ.

ಹಿಡಿಯ ಮೇಲಿನ ಕೆಂಪು ಅಥವಾ ನೀಲಿ ಬಿಲ್ಲೆಯನ್ನು ಚಾಕುವಿನ ತುದಿಯಿಂದ ಎಬ್ಬಿಸಿದರೆ ಒಳಗೆ ಸ್ಕ್ರೂ ಸಿಗುತ್ತದೆ. ಹಿಡಿ ಕಚ್ಚಿಕೊಂಡಿದ್ದರೆ ಸುತ್ತಿಗೆಯಿಂದ ಬಡಿಯಬೇಡಿ, ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಸುತ್ತಿಟ್ಟು, ಅತ್ತ ಇತ್ತ ಮೆಲ್ಲಗೆ ಅಲುಗಿಸುತ್ತ ಎಳೆಯಿರಿ. ಸ್ಪಿಂಡಲನ್ನು ಹಿಡಿದ ದೊಡ್ಡ ನಟ್ಟನ್ನು ಬಿಚ್ಚುವಾಗ ನಲ್ಲಿ ಅರ್ಧ ತೆರೆದ ಸ್ಥಿತಿಯಲ್ಲಿರಬೇಕು. ಮುಚ್ಚಿದ ಸ್ಥಿತಿಯಲ್ಲಿ ಬಿಚ್ಚಲು ಹೊರಟರೆ ವಾಷರ್ ಸೀಟಿಗೆ ಒತ್ತಿ ಉಜ್ಜಿಹೋಗುತ್ತದೆ, ನಟ್ಟೂ ಹಟ ಮಾಡುತ್ತದೆ. ಟಬ್ಬಿನ ಮತ್ತು ಶವರಿನ ನಲ್ಲಿಗಳಲ್ಲಿ ಈ ನಟ್ಟು ಹಲವು ವೇಳೆ ಗೋಡೆಯ ಒಳಗೆ ಹುದುಗಿರುತ್ತದೆ. ಅಲ್ಲಿಗೆ ಉದ್ದನೆಯ ಕೊಳವೆಯಂತಿರುವ ಬಾಕ್ಸ್ ಸ್ಪ್ಯಾನರೇ ಬೇಕು. ಇಕ್ಕಳದ ಮೂಗನ್ನು ತೂರಿಸಿ ನಟ್ಟಿನ ಮೂಲೆಗಳನ್ನು ಸವೆಸಿಬಿಟ್ಟರೆ ಮುಂದೆ ಟೈಲ್ಸ್ ಒಡೆಯದೆ ದಾರಿಯಿರುವುದಿಲ್ಲ.

ಸ್ಪಿಂಡಲ್ ಹೊರಬಂದ ಮೇಲೆ ತುದಿಯ ಹಿತ್ತಾಳೆಯ ಸ್ಕ್ರೂ ಬಿಚ್ಚಿ ವಾಷರ್ ತೆಗೆಯಿರಿ. ಹಳೆಯದನ್ನು ಜೊತೆಯಲ್ಲಿ ಒಯ್ದು, ಅದೇ ಅಗಲದ, ಅದೇ ಆಕಾರದ ಹೊಸದನ್ನು ತನ್ನಿ. ಚಪ್ಪಟೆಯಾಗಿದ್ದಲ್ಲಿ ಚಪ್ಪಟೆಯದು, ಇಳಿಜಾರಿನ ಅಂಚಿದ್ದಲ್ಲಿ ಇಳಿಜಾರಿನದು. ಕೂರದ ವಾಷರನ್ನು ಕತ್ತರಿಯಿಂದ ಕತ್ತರಿಸಿ ಹೊಂದಿಸುವುದು ಸಲ್ಲದು.

ಹೆಚ್ಚಿನವರು ಇಲ್ಲಿಗೆ ಕೆಲಸ ಮುಗಿಯಿತೆಂದು ಎಲ್ಲವನ್ನೂ ಮತ್ತೆ ಜೋಡಿಸಿಬಿಡುತ್ತಾರೆ. ಹೊಸ ವಾಷರ್ ಹಾಕಿ ಸ್ವಲ್ಪ ಕಾಲದಲ್ಲೇ ಮತ್ತೆ ಸೋರಿತೆಂದು ಹೇಳುವ ಮನೆಗಳಲ್ಲೆಲ್ಲ ನಾನು ಕಂಡದ್ದು ಒಂದೇ ಕಾರಣ: ಸೀಟನ್ನು ಯಾರೂ ಮುಟ್ಟಿ ನೋಡಿರುವುದಿಲ್ಲ. ಸೀಟಿನಲ್ಲಿ ಕೂದಲೆಳೆಯಷ್ಟು ಗೀರಿದ್ದರೂ ನೀರು ಅದರಲ್ಲಿ ನುಸುಳುತ್ತದೆ, ನುಸುಳುವ ನೀರು ಹಿತ್ತಾಳೆಯನ್ನು ದಿನದಿನಕ್ಕೂ ಕೊರೆಯುತ್ತದೆ, ಗೀರಿನ ಚೂಪಾದ ಅಂಚು ಹೊಸ ವಾಷರನ್ನು ಕುಯ್ಯುತ್ತದೆ. ನಮ್ಮ ತಂದೆಯವರು ಚರ್ಮದಿಂದ ವಾಷರುಗಳನ್ನು ತಾವೇ ಕತ್ತರಿಸಿಕೊಳ್ಳುತ್ತಿದ್ದ ಕಾಲದವರು. ನಲ್ಲಿ ಬಿಚ್ಚಿದಾಗಲೆಲ್ಲ ನನ್ನನ್ನು ಕರೆದು, ನನ್ನ ಕಿರುಬೆರಳನ್ನು ಹಿಡಿದು ಒಳಗೆ ಇಳಿಸಿ, ಸೀಟಿನ ಸುತ್ತ ಒಮ್ಮೆ ಆಡಿಸುವಂತೆ ಹೇಳಿ, ಎಲ್ಲಿ ತಡೆಯಿತು ಎಂದು ಕೇಳುತ್ತಿದ್ದರು. ಉತ್ತರ ಹೇಳುವವರೆಗೆ ಮುಂದಿನ ಕೆಲಸಕ್ಕೆ ಹೋಗುತ್ತಿರಲಿಲ್ಲ. ಅಲ್ಲಿ ಕಲಿತ ಉಪಾಯವನ್ನು ನಾನು ಇಂದಿಗೂ ಒಂದು ಹಂತವನ್ನೂ ಬಿಡದೆ ಮಾಡುತ್ತೇನೆ.

ಮೊದಲು ಕಡ್ಡಿಯೊಂದಕ್ಕೆ ಬಟ್ಟೆ ಸುತ್ತಿ ಒಳಗಿನ ಕಿಟ್ಟವನ್ನೆಲ್ಲ ಒರೆಸಬೇಕು. ನೀರಿನಿಂದ ಕಟ್ಟಿದ ಬಿಳಿಯ ಪದರ ಇದ್ದರೆ ಬಟ್ಟೆಯನ್ನು ವಿನೆಗರಿನಲ್ಲಿ ಅದ್ದಿ ಸ್ವಲ್ಪ ಹೊತ್ತು ಒತ್ತಿ ಹಿಡಿಯಬೇಕು, ಆಮೇಲೆ ನೀರಿನ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಪೂರ್ತಿ ಒಣಗಿಸಬೇಕು. ಆಗ ಕಿರುಬೆರಳ ತುದಿಯನ್ನು ಸೀಟಿನ ಮೇಲೆ ನಿಧಾನವಾಗಿ ಪೂರ್ತಿ ಒಂದು ಸುತ್ತು ಆಡಿಸಿ. ಬೆರಳು ತಲುಪದಷ್ಟು ಆಳದಲ್ಲಿದ್ದರೆ ಕಡ್ಡಿಯ ತುದಿಗೆ ಹತ್ತಿಯನ್ನು ಸಡಿಲವಾಗಿ ಸುತ್ತಿ ಆಡಿಸಿ. ಗೀರು ಇರುವ ಜಾಗದಲ್ಲಿ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಅಲ್ಲಿಗೂ ನಾನು ನಂಬುವುದಿಲ್ಲ. ಸೀಮೆಸುಣ್ಣವನ್ನು ನುಣ್ಣಗೆ ಪುಡಿಮಾಡಿ, ಒಣ ಹತ್ತಿಯಿಂದ ಸೀಟಿನ ಅಂಚಿನ ಸುತ್ತಲೂ ತೆಳುವಾಗಿ ಸವರುತ್ತೇನೆ. ತೆಳುವಾಗಿ ಎಂದರೆ ಹಿತ್ತಾಳೆಯ ಬಣ್ಣ ಮಸುಕಾಗುವಷ್ಟು ಮಾತ್ರ, ಮೆತ್ತಿದರೆ ಏನೂ ತಿಳಿಯುವುದಿಲ್ಲ. ಬಳಿಕ ಹೊಸ ಒಣ ವಾಷರನ್ನು ಹಾಕಿದ ಸ್ಪಿಂಡಲನ್ನು ತೆರೆದ ಸ್ಥಿತಿಯಲ್ಲಿಯೇ ಕೂರಿಸಿ, ನಟ್ಟನ್ನು ಕೈಯಲ್ಲೇ ತಿರುಗಿಸಿ, ವಾಷರ್ ಸೀಟನ್ನು ಮುಟ್ಟಿ ಕೊಂಚ ಉಜ್ಜುವವರೆಗೆ ಎರಡು ಬೆರಳಿನಿಂದ ಮುಚ್ಚಿ, ಮತ್ತೆ ತೆರೆದು ಎಲ್ಲವನ್ನೂ ಹೊರತೆಗೆಯುತ್ತೇನೆ. ಟಾರ್ಚ್ ಬಿಟ್ಟು ಒಳಗೆ ನೋಡಿದರೆ ಎಲ್ಲವೂ ಬಯಲಾಗುತ್ತದೆ. ಸುಣ್ಣ ಸುತ್ತಲೂ ಒಂದೇ ಸಮನಾಗಿ ಅಳಿಸಿದ್ದರೆ ಸೀಟ್ ಚೆನ್ನಾಗಿದೆ. ಎಲ್ಲಾದರೂ ಬಿಳಿಯ ಗೆರೆ ಹಾಗೆಯೇ ಉಳಿದಿದ್ದರೆ ಅಲ್ಲಿ ವಾಷರ್ ಮುಟ್ಟುತ್ತಿಲ್ಲ, ನೀರು ಹೋಗುವ ದಾರಿ ಅದೇ. ಸುಣ್ಣವನ್ನು ವಾಷರಿಗೆ ಹಚ್ಚಿ ನೋಡುವವರೂ ಇದ್ದಾರೆ. ವಾಷರ್ ತಾನೂ ತಿರುಗುವುದರಿಂದ ಅದರ ಮೇಲೆ ಎಲ್ಲ ಕಡೆಯೂ ಉಜ್ಜಿದ ಗುರುತೇ ಮೂಡಿ, ದೋಷ ಮುಚ್ಚಿಹೋಗುತ್ತದೆ. ಹಚ್ಚಬೇಕಾದದ್ದು ಸೀಟಿಗೆ, ನೆನಪಿರಲಿ.

ಸೀಟಿನ ಮಧ್ಯದ ತೂತು ಚೌಕ ಅಥವಾ ಆರು ಮೂಲೆಯದಾಗಿದ್ದರೆ ಅದು ಬಿಚ್ಚಿ ಬದಲಾಯಿಸಬಹುದಾದದ್ದು, ತಕ್ಕ ಕೀಲಿ ತೂರಿಸಿ ಬಿಚ್ಚಿ ಹೊಸದನ್ನು ಹಾಕಿ. ತೂತು ದುಂಡಗಿದ್ದರೆ ಸೀಟ್ ನಲ್ಲಿಯ ಮೈಯಲ್ಲೇ ಸೇರಿದೆ ಎಂದು ಅರ್ಥ, ಅದನ್ನು ಸೀಟ್ ಕಟರ್‌ನಿಂದ ಸಮಮಾಡಬೇಕು. ಕಟರನ್ನು ನಟ್ಟಿನ ಥ್ರೆಡ್ಡಿಗೆ ನೆಟ್ಟಗೆ ಕೂರಿಸಿ, ಕೈಯ ಭಾರವಷ್ಟೇ ಬೀಳುವಂತೆ ಒಂದೆರಡು ಸುತ್ತು ತಿರುಗಿಸಿ, ನಿಲ್ಲಿಸಿ, ಒರೆಸಿ, ಮತ್ತೆ ಸುಣ್ಣ ಸವರಿ ನೋಡಿ. ಈ ತಾಳ್ಮೆಯೇ ಇಂದಿನವರಲ್ಲಿ ಇಲ್ಲ. ಒಂದೇ ಉಸಿರಿಗೆ ಕೊರೆದರೆ ಸೀಟ್ ತೆಳುವಾಗಿ, ಮುಂದೆ ಎಂಥ ವಾಷರ್ ಹಾಕಿದರೂ ಅದಕ್ಕೆ ತಲುಪದಂತಾಗುತ್ತದೆ. ಸುಣ್ಣ ಸಮನಾಗಿ ಅಳಿಸಿದ ಮೇಲೆ ಹಿತ್ತಾಳೆಯ ಪುಡಿಯನ್ನೂ ಸುಣ್ಣವನ್ನೂ ಒದ್ದೆ ಬಟ್ಟೆಯಿಂದ ಒಂದು ಕಣವೂ ಉಳಿಯದಂತೆ ತೆಗೆಯಿರಿ.

ನಲ್ಲಿಯ ಕ್ರೋಮಿಗೆ ದೊಡ್ಡ ಶತ್ರುವೆಂದರೆ ಟೈಲ್ಸ್ ತೊಳೆಯಲು ಸುರಿಯುವ ಆಸಿಡ್. ನೆಲದ ಕಲೆ ಬೇಗ ಹೋಗಲಿ ಎಂದು ಆಸಿಡ್ ಎರಚಿ, ನಲ್ಲಿಯ ಮೇಲೆ ಸಿಡಿದದ್ದನ್ನು ಹಾಗೆಯೇ ಬಿಟ್ಟು ಬಾಗಿಲು ಹಾಕಿಕೊಂಡು ಹೋಗುವವರನ್ನು ಕಂಡಿದ್ದೇನೆ. ಅದರ ಹೊಗೆಯೊಂದೇ ಸಾಕು, ಕ್ರೋಮ್ ಕಪ್ಪಾಗಿ ಏಳುತ್ತದೆ. ನೆಲವನ್ನು ಸೋಪಿನ ಪುಡಿ ಹಾಕಿ ಬ್ರಷ್ಷಿನಿಂದ ವಾರಕ್ಕೊಮ್ಮೆ ಉಜ್ಜುವವರಿಗೆ ಆಸಿಡ್ಡಿನ ಅಗತ್ಯವೇ ಬೀಳುವುದಿಲ್ಲ.

ಸ್ಪಿಂಡಲನ್ನು ಮತ್ತೆ ಹಾಕುವ ಮೊದಲು ಅದರ ಓ ರಿಂಗನ್ನೂ ಬದಲಾಯಿಸಿ, ನೀರಿನ ನಲ್ಲಿಗಳಿಗೆಂದೇ ಬರುವ ಸಿಲಿಕಾನ್ ಗ್ರೀಸನ್ನು ಬೆರಳಿಗೆ ತಾಗಿದಷ್ಟು ಸವರಿ. ಮನೆಯಲ್ಲಿದೆಯೆಂದು ಪೆಟ್ರೋಲಿಯಂ ಜೆಲ್ಲಿಯನ್ನೋ ಅಡುಗೆಯ ಎಣ್ಣೆಯನ್ನೋ ಹಚ್ಚಬೇಡಿ, ನಲ್ಲಿಗಳಲ್ಲಿ ಬಳಸುವ ಹಲವು ಬಗೆಯ ರಬ್ಬರ್ ಅದರಿಂದ ಉಬ್ಬಿ ಮೆತ್ತಗಾಗುತ್ತದೆ. ಓ ರಿಂಗ್ ಇಲ್ಲದ ಹಳೆಯ ನಲ್ಲಿಯಾದರೆ ಗ್ಲ್ಯಾಂಡ್ ನಟ್ಟಿನ ಕೆಳಗಿನ ಹಳೆಯ ದಾರವನ್ನು ಕಿತ್ತು, ಹೊಸ ಗ್ಲ್ಯಾಂಡ್ ದಾರವನ್ನು ನಟ್ಟು ಬಿಗಿಯುವ ದಿಕ್ಕಿನಲ್ಲೇ ಸುತ್ತಿ. ನಟ್ಟನ್ನು ಹಿಡಿ ಸರಾಗವಾಗಿ ತಿರುಗುವಷ್ಟು ಮಾತ್ರ ಬಿಗಿಯಿರಿ. ಎಲ್ಲ ಜೋಡಿಸಿದ ಮೇಲೆ ನಲ್ಲಿಯನ್ನು ತೆರೆದಿಟ್ಟುಕೊಂಡು, ನೀರಿನ ವಾಲ್ವನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿ. ಗಾಳಿಯೂ ಕಸವೂ ಹೊರಹೋಗಿ ನೀರು ತಿಳಿಯಾದ ಬಳಿಕ ಮುಚ್ಚಿ.

ಕಾರ್ಟ್ರಿಡ್ಜ್ ಇರುವ ನಲ್ಲಿಗಳಲ್ಲಿ ಸಮಮಾಡುವ ಕೆಲಸವಿಲ್ಲ, ಹಳೆಯದನ್ನು ತೆಗೆದು ಅದೇ ಮಾದರಿಯದನ್ನು ಹಾಕುವುದಷ್ಟೇ. ಅದನ್ನು ಹಿಡಿದಿರುವ ಕ್ಲಿಪ್ ಅಥವಾ ನಟ್ಟನ್ನು ಮೊದಲು ತೆಗೆಯದೆ ಎಳೆಯಬೇಡಿ. ಯಾವ ಕಡೆ ಮುಖ ಮಾಡಿ ಕೂತಿತ್ತು ಎಂಬುದನ್ನು ಗುರುತು ಹಾಕಿಕೊಳ್ಳಿ. ತಿರುವುಮುರುವಾದರೆ ಬಿಸಿನೀರಿನ ಕಡೆಯಲ್ಲಿ ತಣ್ಣೀರು ಬರುತ್ತದೆ. ಸೆರಾಮಿಕ್ ಬಿಲ್ಲೆಗಳ ನಡುವೆ ಮರಳಿನ ಒಂದು ಕಣ ಸಿಕ್ಕರೂ ಅವು ಗೀರುತ್ತವೆ, ನೀರನ್ನು ರಭಸವಾಗಿ ಬಿಟ್ಟರೆ ಬಿರುಕು ಬಿಡಲೂಬಹುದು. ಆದ್ದರಿಂದಲೇ ವಾಲ್ವನ್ನು ನಿಧಾನವಾಗಿ ಬಿಡಿ ಎಂದು ಒತ್ತಿ ಹೇಳಿದೆ.

ಶವರಿಗೆ ತಿರುಗಿಸಿದ ಮೇಲೂ ಟಬ್ಬಿನ ಮೂತಿಯಿಂದ ಧಾರಾಳವಾಗಿ ನೀರು ಬೀಳುತ್ತಿದ್ದರೆ ಕೆಟ್ಟಿರುವುದು ನೀರನ್ನು ಮೂತಿಯಿಂದ ಶವರಿಗೆ ಹೊರಳಿಸುವ ಡೈವರ್ಟರ್. ಮೂತಿಯ ಮೇಲೆ ಎತ್ತುವ ಗುಬುಟು ಇರುವ ಬಗೆಯದಾದರೆ ಸಾಮಾನ್ಯವಾಗಿ ಮೂತಿಯನ್ನೇ ಬದಲಾಯಿಸಬೇಕಾಗುತ್ತದೆ. ತಿರುಗಿಸುವ ಮೊದಲು ಅದರ ಅಡಿಯನ್ನು ಬೆರಳಿನಿಂದ ತಡವಿ ನೋಡಿ, ಅಲ್ಲಿ ಸಣ್ಣ ಸ್ಕ್ರೂ ಇದ್ದರೆ ಅದನ್ನು ಸಡಿಲಿಸಿ ನೇರವಾಗಿ ಎಳೆಯಬೇಕೇ ಹೊರತು ತಿರುಚಬಾರದು. ಶವರಿನ ತಲೆ ಕೂಡುವ ಜಾಗದಲ್ಲಿ ಜಿನುಗಿದರೆ ಹಳೆಯ ಟೆಫ್ಲಾನ್ ಟೇಪನ್ನು ಪೂರ್ತಿ ಕೆರೆದು ತೆಗೆದು, ಪೈಪಿನ ತುದಿ ನಿಮ್ಮ ಕಡೆಗಿರುವಂತೆ ನಿಂತು, ಮೊದಲ ಥ್ರೆಡ್ಡನ್ನು ಬಿಟ್ಟು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಎಳೆದೆಳೆದು ಕೆಲವು ಸುತ್ತು ಸುತ್ತಿ. ಎದುರು ದಿಕ್ಕಿನಲ್ಲಿ ಸುತ್ತಿದ ಟೇಪ್ ಶವರ್ ತಿರುಗಿಸುವಾಗ ಬಿಚ್ಚಿಕೊಂಡು ಬರುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ರಾತ್ರಿ ಮಲಗುವ ಮುನ್ನ ಮೂತಿಯನ್ನು ಒರೆಸಿ ಒಣಗಿಸಿ, ಅದರ ಕೆಳಗೆ ಒಣ ಕಾಗದವೊಂದನ್ನು ಇಡಿ, ಬೆಳಿಗ್ಗೆ ನೋಡಿ. ಕಾಗದ ಒಣಗಿಯೇ ಇದ್ದು, ಗೋಡೆಯ ಆಚೆ ಬದಿಯಲ್ಲಿ ತೇವ ಕಾಣಿಸಿದರೆ, ಸೋರುತ್ತಿರುವುದು ಒಳಗಿನ ಪೈಪ್ ಇರಬಹುದು. ಅದಕ್ಕೆ ಕೈಹಾಕದೆ ನೀರಿನ ವಾಲ್ವನ್ನು ಮುಚ್ಚಿ, ಅನುಭವವಿರುವ ಪ್ಲಂಬರನ್ನು ಕರೆಸಿ.